ಐವತ್ತೇಳು ವರ್ಷ ಕಾದ ಕಾದಂಬರಿ

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅವರ ಹೆಸರು ನಮ್ಮಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಅನೇಕರಿಗೆ ಪರಿಚಿತವೇ. ಅವರ 'ಎ ಪ್ಯಾಸೇಜ್ ಟು ಇಂಡಿಯಾ' 1924ರಲ್ಲಿ ಹೊರಬಂದಿತು. ಅದಾದ ಮೇಲೆ ಅವರು 46 ವರ್ಷ ಬದುಕಿದ್ದು, 1970ರ ಜೂನ್ 7ರಂದು ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟು ದೀರ್ಘಕಾಲದಲ್ಲಿ ಅವರ ಲೇಖನಿಯಿಂದ ಪ್ರಬಂಧಗಳು ಬಂದವು, ಜೀವನಚರಿತ್ರೆಗಳು ಬಂದವು, ರೇಡಿಯೋ ಭಾಷಣಗಳು ಬಂದವು. ಕಾದಂಬರಿ ಮಾತ್ರ ಒಂದೂ ಬರಲಿಲ್ಲ. ಅವರು ಕಣ್ಮುಚ್ಚಿದ ಮರುವರ್ಷ, 1971ರಲ್ಲಿ, 'ಮಾರಿಸ್' ಎಂಬ ಕಾದಂಬರಿ ಅವರ ಹೆಸರಿನಲ್ಲಿ ಪ್ರಕಟವಾಯಿತು. ಅದನ್ನು ಅವರು ಬರೆದು ಮುಗಿಸಿದ್ದು 1914ರಲ್ಲಿ! ಸರಕಾರಿ ಕಚೇರಿಯ ಗುಮಾಸ್ತನಾದ ನನಗೆ ಕಡತಗಳು ವರ್ಷಗಟ್ಟಲೆ ಮೂಲೆ ಹಿಡಿದು ಕೂರುವುದು ಹೊಸ ಸಂಗತಿಯಲ್ಲ. ಆದರೆ ಬರೆದಾತನೇ ತನ್ನ ಬರಹವನ್ನು 57 ವರ್ಷ ತಡೆಹಿಡಿದು, ನಡುನಡುವೆ ತೆಗೆದು ತಿದ್ದಿ, ಮತ್ತೆ ಒಳಗಿಟ್ಟ ಉದಾಹರಣೆ ಅಪರೂಪವೇ ಸರಿ.

ಕಾರಣ, ಕೃತಿಯ ವಸ್ತು. ಇಬ್ಬರು ಗಂಡಸರು ಪರಸ್ಪರ ಪ್ರೀತಿಸುವ ಕಥೆ ಅದು. ಇಂಥ ಪ್ರೀತಿಗೆ ಕನ್ನಡದಲ್ಲಿ ಈಗ ಸಲಿಂಗಪ್ರೇಮವೆಂಬ ಮಾತು ಬಳಕೆಗೆ ಬಂದಿದೆ. ಫಾರ್ಸ್ಟರ್ ಅವರೂ ಆ ಸ್ವಭಾವದವರೇ. ವಿಜ್ಞಾನ ಓದಿ ಗುಮಾಸ್ತಿಕೆಗೆ ಸೇರಿದ ನಾನು ಸಾಹಿತ್ಯ ವಿಮರ್ಶಕನೇನೂ ಅಲ್ಲ. ಆದರೂ ಇಂಥ ಪಾತ್ರಗಳು ಕಥೆ ಕಾದಂಬರಿಗಳಲ್ಲಿ ಬಂದ ಇತಿಹಾಸವನ್ನು ಓದುತ್ತ ಹೋದಂತೆ ಒಂದು ಸಂಗತಿ ಎದ್ದು ಕಂಡಿತು. ಅಂಥ ಪಾತ್ರವೊಂದು ಕೊನೆಗೆ ಸತ್ತರೆ, ಬುದ್ಧಿಭ್ರಮಣೆಯಾದರೆ, ಇಲ್ಲವೆ ಪಶ್ಚಾತ್ತಾಪದಿಂದ ಕಣ್ಣೀರು ಸುರಿಸಿದರೆ ಸಮಾಜ ಹೇಗೋ ಸಹಿಸಿಕೊಳ್ಳುತ್ತಿತ್ತು. 'ಇಬ್ಬರೂ ಸುಖವಾಗಿ ಬಾಳಿದರು' ಎಂದು ಕಥೆ ಮುಗಿಯುವುದನ್ನು ಸಹಿಸುತ್ತಿರಲಿಲ್ಲ. ಈ ಸುಖಾಂತದ ಇತಿಹಾಸವನ್ನೇ ಓದುಗರ ಮುಂದಿಡಲು ಇಲ್ಲಿ ಯತ್ನಿಸಿದ್ದೇನೆ.

ಈ ಅಸಹನೆಯ ಬೆನ್ನಿಗೆ ಕಾನೂನಿತ್ತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲಕ್ಕೆ, 1533ರಲ್ಲಿ, ಗಂಡಸರ ನಡುವಣ ಸಂಬಂಧಕ್ಕೆ ಮರಣದಂಡನೆ ವಿಧಿಸುವ ಶಾಸನ ಬಂದಿತು. ಈ ಅಪರಾಧಕ್ಕಾಗಿ ಕೊನೆಯ ಬಾರಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರ ನವೆಂಬರಿನಲ್ಲಿ. 1861ರಲ್ಲಿ ಗಲ್ಲು ಹೋಗಿ ಸೆರೆಮನೆ ಬಂದಿತು. 1885ರಲ್ಲಿ ಇನ್ನೂ ವಿಶಾಲವಾದ ಕಲಮೊಂದನ್ನು ಸೇರಿಸಿ, ಖಾಸಗಿಯಾಗಿ ನಡೆದ ಯಾವುದೇ 'ಅಸಭ್ಯ ವರ್ತನೆ'ಗೂ ಎರಡು ವರ್ಷದವರೆಗೆ ಸಶ್ರಮ ಶಿಕ್ಷೆ ಕೊಡಬಹುದೆಂದು ಮಾಡಿದರು. ಪ್ರಸಿದ್ಧ ನಾಟಕಕಾರ ಆಸ್ಕರ್ ವೈಲ್ಡ್ 1895ರಲ್ಲಿ ಸಿಕ್ಕಿಬಿದ್ದದ್ದು ಈ ಕಲಮಿನಡಿಯಲ್ಲೇ. ಆ ವರ್ಷ ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು ವೈಲ್ಡರ 'ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ' ಕಾದಂಬರಿಯ ಪುಟಗಳನ್ನೇ ಮುಂದಿಟ್ಟುಕೊಂಡು ಪಾಟೀಸವಾಲು ಮಾಡಿದರು. ಆ ಕಾದಂಬರಿಯ ನಾಯಕ ಕೊನೆಯಲ್ಲಿ ಸತ್ತೇ ಹೋಗುತ್ತಾನೆ. ಆದರೂ ಲೇಖಕರಿಗೆ ಬಿಡುಗಡೆ ಸಿಗಲಿಲ್ಲ. ಎರಡು ವರ್ಷದ ಕಠಿಣ ಶಿಕ್ಷೆ ಅನುಭವಿಸಿ ಹೊರಬಂದ ವೈಲ್ಡ್, 1900ರಲ್ಲಿ ಪ್ಯಾರಿಸ್ಸಿನಲ್ಲಿ ದಿಕ್ಕಿಲ್ಲದವರಂತೆ ಸತ್ತರು. ಈ ಮೊಕದ್ದಮೆ ನಡೆದಾಗ ಫಾರ್ಸ್ಟರ್ 16 ವರ್ಷದ ಹುಡುಗ.

ಇಂಥ ವಾತಾವರಣದಲ್ಲಿ ಸುಖಾಂತದ ಕಥೆ ಬರೆಯಲು ಫಾರ್ಸ್ಟರ್ ಅವರಿಗೆ ಧೈರ್ಯ ಬಂದದ್ದಾದರೂ ಎಲ್ಲಿಂದ? ಕಣ್ಣಾರೆ ಕಂಡ ಒಂದು ಸಂಸಾರದಿಂದ. ಡರ್ಬಿಶೈರಿನ ಮಿಲ್‌ಥಾರ್ಪ್ ಎಂಬ ಹಳ್ಳಿಯಲ್ಲಿ ಎಡ್ವರ್ಡ್ ಕಾರ್ಪೆಂಟರ್ ಎಂಬ ಸಮಾಜವಾದಿ ಲೇಖಕರು ಜಾರ್ಜ್ ಮೆರಿಲ್ ಎಂಬ ಕಾರ್ಮಿಕ ವರ್ಗದ ಸಂಗಾತಿಯೊಡನೆ ಒಂದೇ ಮನೆಯಲ್ಲಿ ಬಾಳುತ್ತಿದ್ದರು. ತರಕಾರಿ ಬೆಳೆಯುವುದು, ಚಪ್ಪಲಿ ಹೊಲಿಯುವುದು, ಬಂದವರಿಗೆ ಉಪಚಾರ ಮಾಡುವುದು, ಇದೇ ಅವರ ಬದುಕು. ಈ ಕಾರ್ಪೆಂಟರ್ ನಮಗೆ ತೀರ ಪರಕೀಯರೂ ಅಲ್ಲ. ಭಗವದ್ಗೀತೆಯನ್ನು ಓದಿ ಮಾರುಹೋದವರು. 1890ರ ಸುಮಾರಿಗೆ ಸಿಂಹಳಕ್ಕೂ ಭಾರತಕ್ಕೂ ಬಂದು ಹೋದವರು. ಅವರ ಪ್ರವಾಸ ಗ್ರಂಥದ ಹೆಸರು 'ಫ್ರಮ್ ಆ್ಯಡಮ್ಸ್ ಪೀಕ್ ಟು ಎಲಿಫೆಂಟಾ'. ನಾವು ಮುಂಬಯಿ ಕನ್ನಡಿಗರು ಊರಿನಿಂದ ಬಂದ ನೆಂಟರನ್ನು ದೋಣಿ ಹತ್ತಿಸಿ ತೋರಿಸಿ ತರುವ ಘಾರಾಪುರಿ ಗುಹೆಗಳೇ ಈ ಎಲಿಫೆಂಟಾ! ಫಾರ್ಸ್ಟರ್ 1913ರಲ್ಲಿ ಮಿಲ್‌ಥಾರ್ಪಿಗೆ ಹೋಗಿದ್ದಾಗ ಕಾದಂಬರಿ ಮನಸ್ಸಿನಲ್ಲಿ ಇಡಿಯಾಗಿ ಮೂಡಿತಂತೆ. ಮನೆಗೆ ಬಂದವರೇ ಬರೆಯಲು ಕೂತರು.

ಕಥೆ ಸರಳವಾಗಿದೆ. ಮಾರಿಸ್ ಹಾಲ್ ಮಧ್ಯಮ ವರ್ಗದ ಸಾಧಾರಣ ಹುಡುಗ. ಕೇಂಬ್ರಿಜ್‌ನಲ್ಲಿ ಓದುವಾಗ ಕ್ಲೈವ್ ಡರ್ಹಮ್ ಎಂಬ ಜಮೀನುದಾರರ ಮಗನೊಡನೆ ಪ್ರೀತಿ ಬೆಳೆಯುತ್ತದೆ. ಕೆಲವು ವರ್ಷಗಳ ಮೇಲೆ ಕ್ಲೈವ್ ಮನಸ್ಸು ಬದಲಿಸಿ ಮದುವೆಯಾಗುತ್ತಾನೆ. ಮಾರಿಸ್ ತನಗೇನೋ ರೋಗವಿದೆಯೆಂದು ನಂಬಿ ಮನೆ ವೈದ್ಯರ ಬಳಿ ಹೋಗುತ್ತಾನೆ. ಅವರು ಬೈದು ಕಳಿಸುತ್ತಾರೆ. ಸಮ್ಮೋಹನ ವಿದ್ಯೆಯವನ ಬಳಿ ಹೋಗುತ್ತಾನೆ; ಅವನ ಚಿಕಿತ್ಸೆ ಫಲಿಸುವುದಿಲ್ಲ. ಈ ಸ್ವಭಾವ ಅಪರಾಧವೆನಿಸದ ಫ್ರಾನ್ಸಿಗೋ ಇಟಲಿಗೋ ಹೋಗಿ ನೆಲೆಸುವುದು ಮೇಲೆಂದು ಅವನೇ ಸಲಹೆ ಕೊಡುತ್ತಾನೆ. ಕೊನೆಗೆ ಕ್ಲೈವನ ಎಸ್ಟೇಟಿನಲ್ಲಿ ಬೇಟೆಕಾಡು ಕಾಯುವ ಆಲೆಕ್ ಸ್ಕಡರ್ ಎಂಬಾತನೊಡನೆ ಮಾರಿಸ್‌ಗೆ ಪ್ರೇಮವಾಗುತ್ತದೆ. ಆಲೆಕ್ ಅರ್ಜೆಂಟೀನಾಕ್ಕೆ ಹೋಗುವ ಹಡಗನ್ನು ಬಿಟ್ಟು ಹಿಂದೆ ಉಳಿಯುತ್ತಾನೆ, ಮಾರಿಸ್ ತನ್ನ ಉದ್ಯೋಗ ಅಂತಸ್ತುಗಳನ್ನು ಬಿಡುತ್ತಾನೆ, ಇಬ್ಬರೂ ಒಂದಾಗಿ ಬಾಳಲು ಹೊರಟುಹೋಗುತ್ತಾರೆ. ಇದೇ ಮುಕ್ತಾಯ.

ಬರೆದದ್ದನ್ನು ಫಾರ್ಸ್ಟರ್ ಆಪ್ತ ಸ್ನೇಹಿತರಿಗಷ್ಟೇ ತೋರಿಸಿದರು. ಲಿಟನ್ ಸ್ಟ್ರೇಚಿಯವರು 1915ರಲ್ಲೇ ಓದಿ, ಈ ಜೋಡಿ ಹೆಚ್ಚು ದಿನ ಬಾಳಲಾರದೆಂದು ಸಂಶಯ ವ್ಯಕ್ತಪಡಿಸಿದರು. ಮುಂದೆ 1930ರ ದಶಕದಲ್ಲಿ ಕ್ರಿಸ್ಟೋಫರ್ ಇಷರ್‌ವುಡ್ ಓದಿ ಪ್ರಕಟಿಸಲು ಉತ್ತೇಜನ ಕೊಟ್ಟರು. ಆದರೂ ಹಸ್ತಪ್ರತಿ ಹೊರಬರಲಿಲ್ಲ. ಒಂದು ಕಾರಣ ಕಾನೂನು, ಇನ್ನೊಂದು ಮನೆಯದು. ತಾಯಿ ಬದುಕಿರುವಷ್ಟು ಕಾಲ ಅವರ ಕಿವಿಗೆ ಈ ಸುದ್ದಿ ಬೀಳಬಾರದೆಂದು ಫಾರ್ಸ್ಟರ್ ಅಂಜಿದ್ದರು. ತಾಯಿ 1945ರಲ್ಲಿ ತೀರಿಕೊಂಡಾಗ ಮಗನಿಗೆ 66 ವರ್ಷ. ಅಮ್ಮನಿಗೆ ಹೇಳಲಾರದೆ ಒಂದು ಆಯುಷ್ಯವನ್ನೇ ಕಳೆಯುವ ಈ ಸಂಕಟ ನಮ್ಮ ಕುಟುಂಬಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾದ್ದಲ್ಲ.

ಈ ಕೃತಿಯನ್ನು ಕುರಿತು ಫಾರ್ಸ್ಟರ್ 1960ರಲ್ಲಿ ಒಂದು ಟಿಪ್ಪಣಿ ಬರೆದಿಟ್ಟರು. ಸುಖಾಂತವಿಲ್ಲದಿದ್ದರೆ ಈ ಕಾದಂಬರಿ ಬರೆಯುವ ಗೋಜಿಗೇ ತಾವು ಹೋಗುತ್ತಿರಲಿಲ್ಲ, ಕಥೆಯಲ್ಲಾದರೂ ಇಬ್ಬರು ಗಂಡಸರು ಪ್ರೀತಿಸಿ ಕೊನೆಯವರೆಗೂ ಜೊತೆಗಿರಬೇಕೆಂಬ ಹಟ ತಮ್ಮದಾಗಿತ್ತು ಎಂಬುದು ಅದರ ಸಾರಾಂಶ. ನೇಣಿನಲ್ಲೋ ಆತ್ಮಹತ್ಯೆಯಲ್ಲೋ ಮುಗಿಸಿದ್ದರೆ ಪ್ರಕಟಣೆಗೆ ಇಷ್ಟು ತೊಡಕು ಇರುತ್ತಿರಲಿಲ್ಲವೆಂದೂ ಅವರು ತಿಳಿಸಿದ್ದಾರೆ. ಅಪರಾಧಿಗಳು ಶಿಕ್ಷೆಯಿಲ್ಲದೆ ಪಾರಾದರಲ್ಲ, ಅದೇ ಈ ಕೃತಿಯ ಅಪರಾಧ!

ಆ ಅಂಜಿಕೆ ಸುಳ್ಳಲ್ಲವೆಂಬುದಕ್ಕೆ 1928ರ ಪ್ರಕರಣವೇ ಸಾಕ್ಷಿ. ರಾಡ್‌ಕ್ಲಿಫ್ ಹಾಲ್ ಎಂಬ ಲೇಖಕಿಯ 'ದಿ ವೆಲ್ ಆಫ್ ಲೋನ್ಲಿನೆಸ್' ಆ ಜುಲೈನಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಹೆಣ್ಣನ್ನು ಪ್ರೀತಿಸುವ ಹೆಣ್ಣೊಬ್ಬಳ ಕಥೆ ಅದು. ನಾಯಕಿ ಕೊನೆಯಲ್ಲಿ ತನ್ನ ಪ್ರಿಯೆಯನ್ನು ತಾನೇ ದೂರ ಮಾಡಿ ಒಬ್ಬಂಟಿಯಾಗುತ್ತಾಳೆ. ಪುಸ್ತಕವಿಡೀ ಹುಡುಕಿದರೂ ಅಶ್ಲೀಲ ವರ್ಣನೆ ಇಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಹೆಂಗಸರ ನಡುವಣ ಸಂಬಂಧ ಅಪರಾಧವೂ ಆಗಿರಲಿಲ್ಲ. ಆದರೂ ಒಂದು ಭಾನುವಾರದ ಪತ್ರಿಕೆಯ ಸಂಪಾದಕರು ಕೂಗೆಬ್ಬಿಸಿದರು, ಸರಕಾರ ಮಧ್ಯೆ ಬಂದಿತು, ನವೆಂಬರ್ 16ರಂದು ಮ್ಯಾಜಿಸ್ಟ್ರೇಟ್ ಸರ್ ಚಾರ್ಟ್ರಸ್ ಬೈರನ್ ಪ್ರತಿಗಳನ್ನೆಲ್ಲ ನಾಶಮಾಡಲು ಆಜ್ಞೆ ಕೊಟ್ಟರು. ಲೇಖಕರ ಪರವಾಗಿ ಪತ್ರಿಕೆಗೆ ಬರೆದವರಲ್ಲಿ ಫಾರ್ಸ್ಟರ್ ಹಾಗೂ ವರ್ಜೀನಿಯಾ ವುಲ್ಫ್ ಪ್ರಮುಖರು. ಸಾಹಿತಿಗಳು ಸಾಕ್ಷಿ ಹೇಳಲು ನ್ಯಾಯಾಲಯಕ್ಕೆ ಬಂದಿದ್ದರೂ ಮ್ಯಾಜಿಸ್ಟ್ರೇಟರು ಕೇಳಲೊಪ್ಪಲಿಲ್ಲ. ತೀರ್ಪಿನ ತರ್ಕವನ್ನು ಗಮನಿಸಬೇಕು. ಪುಸ್ತಕ ಚೆನ್ನಾಗಿದೆಯೆಂಬುದು ರಕ್ಷಣೆಯಾಗದು. ಇಂಥ ಬಾಳು ತಪ್ಪೆಂದು ಪುಸ್ತಕದಲ್ಲಿ ಯಾರೂ ಖಂಡಿಸುವುದಿಲ್ಲವೆಂಬುದೇ ದೋಷ. ಹಾಗೆಂದರೆ ಕಣ್ಣೀರಿನ ಮುಕ್ತಾಯವೂ ಸಾಲದು, ಛೀಮಾರಿಯೂ ಬೇಕು. ಆ ಪುಸ್ತಕ ಇಂಗ್ಲೆಂಡಿನಲ್ಲಿ ಮತ್ತೆ ಅಚ್ಚಾಗಲು 1949 ಬರಬೇಕಾಯಿತು. ವಿಚಿತ್ರವೆಂದರೆ ಅದೇ 1928ರ ಅಕ್ಟೋಬರಿನಲ್ಲಿ ವುಲ್ಫ್ ಅವರ 'ಒರ್ಲಾಂಡೊ' ಪ್ರಕಟವಾಗಿ ಯಾವ ಅಡ್ಡಿಯೂ ಇಲ್ಲದೆ ಮಾರಾಟವಾಯಿತು. ಗಂಡಸಾಗಿ ಹುಟ್ಟಿದ ನಾಯಕ ನಡುಗಥೆಯಲ್ಲಿ ಹೆಂಗಸಾಗಿ ಮುನ್ನೂರಕ್ಕೂ ಹೆಚ್ಚು ವರ್ಷ ಬಾಳುವ ಕಥೆ ಅದು. ಕಟ್ಟುಕಥೆಯ ವೇಷವಿದ್ದುದರಿಂದ ಅದು ಪೊಲೀಸರ ಕಣ್ಣಿಗೆ ಬೀಳಲಿಲ್ಲವೆಂದು ತೋರುತ್ತದೆ.

ಕಾನೂನಿನ ಹೊಡೆತ ಪುಸ್ತಕಗಳಿಗಷ್ಟೇ ಬಿದ್ದಿದ್ದರೆ ಅಷ್ಟು ವ್ಯಥೆಪಡಬೇಕಾಗಿರಲಿಲ್ಲ. ಫಾರ್ಸ್ಟರ್ ಓದಿದ್ದು, ಮುಪ್ಪಿನಲ್ಲಿ ನೆಲೆಸಿದ್ದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ. ಅದೇ ಕಾಲೇಜಿನ ಫೆಲೋ ಆಗಿದ್ದವರು ಗಣಿತಜ್ಞ ಆ್ಯಲನ್ ಟ್ಯೂರಿಂಗ್. ಅವರ ತಂದೆ ಮದ್ರಾಸ್ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದವರು. ಇಂದಿನ ಗಣಕಯಂತ್ರಗಳಿಗೆ ತಾತ್ವಿಕ ಬುನಾದಿ ಹಾಕಿದ, ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿ ಒಡೆಯಲು ನೆರವಾದ ಈ ಮೇಧಾವಿಗೆ 1952ರಲ್ಲಿ ಅದೇ 1885ರ ಕಲಮಿನಡಿ ಶಿಕ್ಷೆಯಾಯಿತು. ಸೆರೆಮನೆಯ ಬದಲು ಹಾರ್ಮೋನು ಚಿಕಿತ್ಸೆಯನ್ನು ಒಪ್ಪಿಕೊಳ್ಳಬೇಕಾಯಿತು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಸೈನೈಡ್ ವಿಷದಿಂದ ಅವರು ಸತ್ತರು. ಆಗಲೂ 'ಮಾರಿಸ್' ಪೆಟ್ಟಿಗೆಯಲ್ಲೇ ಇತ್ತು. ಬ್ರಿಟಿಷ್ ಸರಕಾರ ಟ್ಯೂರಿಂಗರಿಗೆ ರಾಜಕ್ಷಮೆ ಕೊಟ್ಟದ್ದು 2013ರ ಕೊನೆಯಲ್ಲಿ.

ಟ್ಯೂರಿಂಗರಿಗೆ ಶಿಕ್ಷೆಯಾದ ಆ 1952ರಲ್ಲೇ ಅಮೆರಿಕದಲ್ಲಿ 'ದಿ ಪ್ರೈಸ್ ಆಫ್ ಸಾಲ್ಟ್' ಎಂಬ ಕಾದಂಬರಿ ಹೊರಬಂದಿತು. ಅಂಗಡಿಯಲ್ಲಿ ಆಟಿಕೆ ಮಾರುವ ಹುಡುಗಿ, ವಿಚ್ಛೇದನಕ್ಕೆ ಸಿದ್ಧಳಾದ ಗೃಹಿಣಿ, ಇವರಿಬ್ಬರ ಪ್ರೇಮ ಅದರ ವಸ್ತು. ಕೊನೆಯಲ್ಲಿ ಯಾರೂ ಸಾಯುವುದಿಲ್ಲ. ಇಬ್ಬರೂ ಕೂಡಿ ಬಾಳುವರೆಂಬ ಆಸೆ ಉಳಿಯುತ್ತದೆ. ಮುಖಪುಟದ ಮೇಲಿದ್ದ ಲೇಖಕಿಯ ಹೆಸರು ಕ್ಲೇರ್ ಮಾರ್ಗನ್. ನಿಜವಾಗಿ ಬರೆದವರು ಪತ್ತೇದಾರಿ ಬಗೆಯ ಕಾದಂಬರಿಗಳಿಗೆ ಪ್ರಸಿದ್ಧರಾದ ಪೆಟ್ರೀಷಿಯಾ ಹೈಸ್ಮಿತ್. ಅಗ್ಗದ ಆವೃತ್ತಿ ಬಂದ ಮೇಲೆ ಇಲ್ಲದ ಆ ಕ್ಲೇರ್ ಮಾರ್ಗನ್‌ಗೆ ಓದುಗರ ಕಾಗದಗಳು ರಾಶಿರಾಶಿ ಬಂದವು. ನಮ್ಮಂಥವರ ಕಥೆಯೂ ಹೀಗೆ ಮುಗಿಯಬಹುದೆಂದು ಈಗಷ್ಟೇ ತಿಳಿಯಿತೆಂಬ ಕೃತಜ್ಞತೆ ಅವುಗಳಲ್ಲಿತ್ತು. ಹೈಸ್ಮಿತ್ ತಮ್ಮ ಸ್ವಂತ ಹೆಸರು ಹಾಕಿ ಅದನ್ನು 'ಕ್ಯಾರಲ್' ಎಂದು ಹೊರತಂದದ್ದು 1990ರಲ್ಲಿ, 38 ವರ್ಷಗಳ ಮೇಲೆ.

ಇತ್ತ ಇಂಗ್ಲೆಂಡಿನಲ್ಲಿ 1957ರ ವುಲ್ಫೆಂಡೆನ್ ಸಮಿತಿಯ ವರದಿ ಕಾನೂನು ತಿದ್ದಲು ಶಿಫಾರಸು ಮಾಡಿತು. ಪಾರ್ಲಿಮೆಂಟು ಹತ್ತು ವರ್ಷ ಯೋಚಿಸಿ 1967ರಲ್ಲಿ, 21 ವರ್ಷ ಮೀರಿದ ಗಂಡಸರ ಖಾಸಗಿ ಸಂಬಂಧ ಅಪರಾಧವಲ್ಲವೆಂದಿತು. ಆಗ ಫಾರ್ಸ್ಟರ್ ಅವರಿಗೆ 88 ವರ್ಷ. ಆ ವಯಸ್ಸಿನಲ್ಲಿ ಹೊಸ ಗದ್ದಲ ಬೇಡವೆನಿಸಿತೋ ಏನೋ, ಹಸ್ತಪ್ರತಿಯನ್ನು ಮರಣಾನಂತರಕ್ಕೇ ಉಳಿಸಿದರು. ಅವರು ಕೊನೆಯುಸಿರೆಳೆದದ್ದು ಕವೆಂಟ್ರಿ ಪಟ್ಟಣದಲ್ಲಿ, ನಾಲ್ಕು ದಶಕಗಳ ಪ್ರಿಯ ಮಿತ್ರ ಬಾಬ್ ಬಕಿಂಗ್‌ಹ್ಯಾಮ್ ದಂಪತಿಗಳ ಮನೆಯಲ್ಲಿ. ಈ ಬಕಿಂಗ್‌ಹ್ಯಾಮ್ ವೃತ್ತಿಯಿಂದ ಪೊಲೀಸನಾಗಿದ್ದವನು ಎಂಬುದು ವಿಧಿಯ ವಿನೋದವೆನ್ನಬೇಕು. 'ಮಾರಿಸ್' 1987ರಲ್ಲಿ ಚಲನಚಿತ್ರವಾಯಿತು. ನಿರ್ದೇಶಕರು ಜೇಮ್ಸ್ ಐವರಿ. ನಿರ್ಮಾಪಕರು ನಮ್ಮ ಮುಂಬಯಿಯಲ್ಲಿ ಹುಟ್ಟಿ ಬೆಳೆದ ಇಸ್ಮಾಯಿಲ್ ಮರ್ಚೆಂಟ್. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಪುರಸ್ಕಾರವೂ ದೊರೆಯಿತು.

ಈಗ ನಮ್ಮ ದೇಶಕ್ಕೆ ಬರೋಣ. 'ಇದೆಲ್ಲ ಪರದೇಶದ ಪಿಡುಗು, ನಮ್ಮಲ್ಲಿ ಎಲ್ಲಿತ್ತು?' ಎಂದು ಕೇಳುವ ಹಿರಿಯರಿದ್ದಾರೆ. ಶಿಖಂಡಿ ಹಾಗೂ ಬೃಹನ್ನಳೆಯರ ಕಥೆಯನ್ನು ಹರಿಕಥೆಯಲ್ಲಿ, ಬಯಲಾಟದಲ್ಲಿ ಕೇಳಿ ನೋಡಿ ಬೆಳೆದ ನಾವು ಹಾಗೆನ್ನುವುದು ಕಷ್ಟ. ಹಡಗಿನಲ್ಲಿ ಬಂದದ್ದು ಕಾನೂನು. ಮೆಕಾಲೆಯ ಮುಂದಾಳತ್ವದಲ್ಲಿ ಕರಡಾಗಿ, 1860ರಲ್ಲಿ ಅಂಗೀಕಾರವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನಲ್ಲಿ ಜೀವಾವಧಿಯವರೆಗೆ ಶಿಕ್ಷೆಗೆ ಅವಕಾಶವಿತ್ತು. ಇಂಗ್ಲೆಂಡು 1967ರಲ್ಲಿ ತನ್ನದನ್ನು ಸಡಿಲಿಸಿದರೂ ನಾವು ಅವರು ಬಿಟ್ಟುಹೋದದ್ದನ್ನು ಇನ್ನೂ ಅರ್ಧ ಶತಮಾನ ಜೋಪಾನ ಮಾಡಿದೆವು.

ನಮ್ಮಲ್ಲೂ ಪುಸ್ತಕ ನ್ಯಾಯಾಲಯ ಹತ್ತಿದ್ದುಂಟು. ಅಲೀಗಢದಲ್ಲಿ ಓದಿದ ಉರ್ದು ಲೇಖಕಿ ಇಸ್ಮತ್ ಚುಗತಾಯಿ 1942ರಲ್ಲಿ 'ಲಿಹಾಫ್', ಅಂದರೆ ರಜಾಯಿ, ಎಂಬ ಕಥೆ ಬರೆದರು. ಗಂಡನಾದ ನವಾಬ ಕಣ್ಣೆತ್ತಿಯೂ ನೋಡದ ಬೇಗಂ, ಆಕೆಯ ಮೈ ತಿಕ್ಕುವ ಸೇವಕಿ, ಈ ಇಬ್ಬರ ನಂಟನ್ನು ಒಂದು ಚಿಕ್ಕ ಹುಡುಗಿಯ ಕಣ್ಣಿನಿಂದ ಹೇಳುವ ಕಥೆ. ಲೇಖಕಿ ಮುಂಬಯಿಯಲ್ಲಿ ಸಂಸಾರ ಹೂಡಿದ್ದಾಗ, 1944ರ ಕೊನೆಗೆ, ಲಾಹೋರಿನ ನ್ಯಾಯಾಲಯದಿಂದ ಸಮನ್ಸ್ ಬಂದಿತು. 'ಬೂ' ಕಥೆಗಾಗಿ ಅದೇ ಆರೋಪ ಹೊತ್ತ ಮಂಟೋ ಜೊತೆಗಿದ್ದರು. ಕಥೆಯಲ್ಲಿ ಅಶ್ಲೀಲ ಪದ ಯಾವುದೆಂದು ವಕೀಲರು ಸವಾಲು ಹಾಕಿದರೆ ಸಾಕ್ಷಿಗಳು ಒಂದನ್ನೂ ಎತ್ತಿ ತೋರಿಸಲಾರದೆ ತಡವರಿಸಿದರೆಂದು ಚುಗತಾಯಿ ತಮ್ಮ ಆತ್ಮಕಥನದಲ್ಲಿ ನಗುನಗುತ್ತ ಬರೆದಿದ್ದಾರೆ. ಮೊಕದ್ದಮೆ ಬಿದ್ದುಹೋಯಿತು. ಕಥೆಗೆ ಪ್ರೇರಣೆಯಾದ ಬೇಗಂ ಎಷ್ಟೋ ವರ್ಷಗಳ ಮೇಲೆ ಎದುರಾದರಂತೆ. ಬೈಯುವರೆಂದು ಲೇಖಕಿ ಹೆದರಿದ್ದರೆ, ಆಕೆ ನವಾಬನನ್ನು ಬಿಟ್ಟು ಮರುಮದುವೆಯಾಗಿ ಮಗುವಿನ ತಾಯಿಯಾಗಿದ್ದರು. ಕಥೆಯಲ್ಲಿ ದಕ್ಕದ ನೆಮ್ಮದಿ ಆಕೆಗೆ ಬಾಳಿನಲ್ಲಿ ತನ್ನದೇ ದಾರಿಯಲ್ಲಿ ದಕ್ಕಿತ್ತು.

ಕನ್ನಡದ ಮಾತೆತ್ತಿದರೆ ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ ವಸುಧೇಂದ್ರರ 'ಮೋಹನಸ್ವಾಮಿ' ನೆನಪಾಗುತ್ತದೆ. ಈ ಕಥಾಸಂಕಲನ 2013ರಲ್ಲಿ ಹೊರಬಂದಿತು. ಜೊತೆಗಾರ ಮದುವೆಯಾಗಿ ದೂರವಾದಾಗ ಮೋಹನಸ್ವಾಮಿ ಪಡುವ ಪಾಡು ಮಾರಿಸ್ ಪಟ್ಟ ಪಾಡೇ. ಆದರೆ ಭಾಷೆ ನಮ್ಮದು. ಊರು, ಅಡಿಗೆ, ದೇವರು, ಹಾಸ್ಟೆಲು ಎಲ್ಲವೂ ನಮ್ಮವು. ಸಂಕಲನದ ಒಂದು ಕಥೆಯಲ್ಲಿ ಮೋಹನಸ್ವಾಮಿ ಆಫ್ರಿಕದ ಕಿಲಿಮಂಜಾರೋ ಪರ್ವತವನ್ನು ಹತ್ತುತ್ತಾನೆ. ಸಾಯಲೆಂದಲ್ಲ, ಬದುಕನ್ನು ಗೆಲ್ಲಲೆಂದು. ಲೇಖಕರು ಫಾರ್ಸ್ಟರ್ ಅವರಂತೆ ಕಾಯಲಿಲ್ಲ, ಹೈಸ್ಮಿತ್‌ರಂತೆ ಸಂಕಲನಕ್ಕೆ ಬೇರೆ ಹೆಸರು ಹಾಕಲಿಲ್ಲ. ತಮ್ಮ ಸ್ವಭಾವವನ್ನು ಬಹಿರಂಗವಾಗಿ ಹೇಳಿಕೊಂಡರು. ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ಕೊಟ್ಟಿದ್ದ ಬಿಡುಗಡೆಯನ್ನು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದ್ದು ಅದೇ 2013ರ ಡಿಸೆಂಬರ್ 11ರಂದು ಎಂಬುದನ್ನು ನೆನೆದರೆ ಆ ಧೈರ್ಯದ ಬೆಲೆ ತಿಳಿದೀತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲವೆಂದು ಒಮ್ಮತದಿಂದ ಸಾರಿತು. ಹಳೆಯ ದಂಡ ಸಂಹಿತೆಯೇ 2024ರ ಜುಲೈ 1ರಿಂದ ಹೊರಟುಹೋಗಿದೆ.

'ದೊಡ್ಡವರು ಏನು ಬೇಕಾದರೂ ಓದಲಿ, ಮಕ್ಕಳ ಕೈಗೆ ಬೇಡ' ಎಂಬ ಮಾತಿನಲ್ಲೂ ಇದೇ ಸುಖಾಂತದ ಭಯ ಅಡಗಿದೆ. ಡೆನ್ಮಾರ್ಕಿನ ಒಂದು ಮಕ್ಕಳ ಪುಸ್ತಕ 1983ರಲ್ಲಿ 'ಜೆನಿ ಲಿವ್ಸ್ ವಿತ್ ಎರಿಕ್ ಆ್ಯಂಡ್ ಮಾರ್ಟಿನ್' ಎಂದು ಇಂಗ್ಲಿಷಿಗೆ ಬಂದಿತು. ಐದು ವರ್ಷದ ಹುಡುಗಿ ತನ್ನ ತಂದೆ ಹಾಗೂ ಅವನ ಸಂಗಾತಿಯೊಡನೆ ಬಟ್ಟೆ ಒಗೆಯುತ್ತಾಳೆ, ಹುಟ್ಟುಹಬ್ಬದ ಸಿದ್ಧತೆ ಮಾಡುತ್ತಾಳೆ. ಅದರಲ್ಲಿರುವುದು ಹೆಚ್ಚುಕಡಿಮೆ ಇಷ್ಟೇ. ಇಂಗ್ಲೆಂಡಿನಲ್ಲಿ ಎದ್ದ ಗದ್ದಲ ಎಷ್ಟೆಂದರೆ, ಸ್ಥಳೀಯ ಸಂಸ್ಥೆಗಳು ಇಂಥವನ್ನು ಪ್ರೋತ್ಸಾಹಿಸಬಾರದೆಂದು 1988ರಲ್ಲಿ ಶಾಸನವೇ ಆಯಿತು. ಅದು ಪೂರ್ತಿ ರದ್ದಾದದ್ದು 2003ರಲ್ಲಿ. ಅಮೆರಿಕದ ನ್ಯಾನ್ಸಿ ಗಾರ್ಡನ್ ಹದಿಹರೆಯದವರಿಗಾಗಿ 1982ರಲ್ಲಿ ಬರೆದ 'ಆ್ಯನಿ ಆನ್ ಮೈ ಮೈಂಡ್' ಎಂಬ ಇಬ್ಬರು ಹುಡುಗಿಯರ ಕಥೆಯೂ ಸುಖಾಂತವೇ. ಅದನ್ನು 1993ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸುಟ್ಟರು. ಅಲ್ಲಿನ ಒಂದು ಶಾಲಾ ಮಂಡಳಿ ಗ್ರಂಥಾಲಯಗಳಿಂದ ತೆಗೆಸಿತು. ವಿದ್ಯಾರ್ಥಿಗಳೇ ನ್ಯಾಯಾಲಯಕ್ಕೆ ಹೋಗಿ 1995ರಲ್ಲಿ ಮರಳಿ ಇಡಿಸಿದರು. ನಮ್ಮಲ್ಲೂ ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' 2014ರಲ್ಲಿ ಬಂದಿದೆ. ಶಾಲಾ ಹುಡುಗಿಯೊಬ್ಬಳ ಸಂಕಟವನ್ನು ಗೆಳೆಯ ಗೆಳತಿಯರ ಬಾಯಿಂದ ಹೇಳುವ ಕೃತಿ.

ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ, ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟವು. ವೈದ್ಯರು ಮುಗಿಸಿದರು, ನ್ಯಾಯಾಧೀಶರು ಮುಗಿಸಿದರು, ಉಳಿದಿರುವುದು ಮನೆ. ಕಾನೂನು ಬದಲಾದ ಸುದ್ದಿ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ನಮ್ಮ ಬಿಡಾರಗಳ ಎರಡು ಕೋಣೆಗಳಲ್ಲಿ ಅಪ್ಪ ಅಮ್ಮಂದಿರ ಎದುರು ಬಾಯಿಬಿಡಲಾರದೆ ಬೆಳೆಯುತ್ತಿರುವ ಹುಡುಗನಿಗೆ ಇಲ್ಲವೆ ಹುಡುಗಿಗೆ ಧೈರ್ಯ ಬಂದುಬಿಡದು. ತನ್ನಂಥವರು ಹಿಂದೆಯೂ ಇದ್ದರು, ಪ್ರೀತಿಸಿದರು, ಬದುಕಿ ಬಾಳಿದರು ಎಂದು ತಿಳಿಯಲು ಕಥೆ ಬೇಕು. ಅದನ್ನು ಓದಿದ ತಂದೆತಾಯಿಯೂ ಬೇಕು. ಮಾರಿಸನನ್ನು ಬೈದು ಕಳಿಸಿದ ವೈದ್ಯರ ಪಾತ್ರವನ್ನು ನಾವು ನಮ್ಮ ಮನೆಗಳಲ್ಲಿ ವಹಿಸದಿರುವುದಕ್ಕಾಗಿ.

ನಮ್ಮ ಸಂಘದ ವಾಚನಾಲಯಕ್ಕೆ ಪ್ರತಿವರ್ಷ ಹೊಸ ಪುಸ್ತಕಗಳನ್ನು ಕೊಳ್ಳುವುದುಂಟು. ಮುಂದಿನ ಪಟ್ಟಿ ತಯಾರಿಸುವವರು 'ಮೋಹನಸ್ವಾಮಿ'ಯ ಎರಡು ಪ್ರತಿ, 'ಮಾರಿಸ್', 'ಕ್ಯಾರಲ್', 'ಲಿಹಾಫ್' ಇರುವ ಚುಗತಾಯಿಯವರ ಒಂದು ಕಥಾಸಂಕಲನ, ಮಕ್ಕಳ ವಿಭಾಗಕ್ಕೆ 'ಟಾಕಿಂಗ್ ಆಫ್ ಮುಸ್ಕಾನ್' ಇವಿಷ್ಟನ್ನು ಸೇರಿಸಬೇಕೆಂದು ನನ್ನ ಸವಿನಯ ಸೂಚನೆ. ಬೀಗ ಹಾಕಿದ ಕಪಾಟಿನಲ್ಲಿ ಬೇಡ. ಉಳಿದ ಕಾದಂಬರಿಗಳ ಸಾಲಿನಲ್ಲೇ, ಕೇಳದೆ ಕೈಗೆ ಸಿಗುವಂತೆ ಇರಲಿ. ಇಂಥ ಪುಸ್ತಕವನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡುವವರಿಗೇ ಅದರ ಅಗತ್ಯ ಹೆಚ್ಚು. 'ಮಾರಿಸ್'ಅನ್ನು ಫಾರ್ಸ್ಟರ್ ಅರ್ಪಿಸಿದ್ದು ಯಾವ ವ್ಯಕ್ತಿಗೂ ಅಲ್ಲ, ಮುಂದೆಂದಾದರೂ ಬರಬಹುದಾದ ಇನ್ನೂ ಸುಖದ ಒಂದು ವರ್ಷಕ್ಕೆ. ಆ ವರ್ಷ ನಮ್ಮ ವಾಚನಾಲಯಕ್ಕೆ ಇದೇ ಆಗಬಾರದೇಕೆ?